ದೊಡ್ಡ ಕರುಳಿನ ಕ್ಯಾನ್ಸರ್ ಮತ್ತು ಪೆಥಾಲಜಿಸ್ಟ್ ಕೆಲಸ: ಪದೇ ಪದೇ ಕೇಳುವ ಪ್ರಶ್ನೆಗಳು

ನಾನು ಮೈಸೂರಿನಲ್ಲಿ ಪೆಥಾಲಜಿಸ್ಟ್. ದೊಡ್ಡ ಕರುಳು ಮತ್ತು ಗುದನಾಳದ ಕ್ಯಾನ್ಸರ್ ಬಗ್ಗೆಯೇ ನನ್ನ ಕೆಲಸ, ಓದು ಎಲ್ಲ ಜಾಸ್ತಿ. ಲ್ಯಾಬ್ ಕಿಟಕಿ ಹತ್ತಿರ ರಿಪೋರ್ಟ್‌ಗೆ ಕಾಯುವವರು, ಮಂಡ್ಯ, ಚಾಮರಾಜನಗರದ ಕಡೆಯಿಂದ ಕಾಗದ ಬರೆಯುವವರು, ಕ್ಲಾಸಿನ ಹುಡುಗ ಹುಡುಗಿಯರು, ಮದುವೆ ಮನೆಯಲ್ಲಿ ಪಕ್ಕದ ಎಲೆಗೆ ಕೂತವರು, ಎಲ್ಲರೂ ಕೇಳುವುದು ಸುಮಾರು ಇವೇ ಪ್ರಶ್ನೆ. ಅವರು ಕೇಳಿದ ಹಾಗೆಯೇ ಇಟ್ಟಿದ್ದೇನೆ. ನಿಮ್ಮ ಚಿಕಿತ್ಸೆಯ ತೀರ್ಮಾನ ಮಾತ್ರ ನಿಮ್ಮನ್ನು ನೋಡುತ್ತಿರುವ ಡಾಕ್ಟರದ್ದೇ.

## ಮೊದಲಿಗೆ

ಪೆಥಾಲಜಿಸ್ಟ್ ಅಂದ್ರೆ ರಕ್ತ ಪರೀಕ್ಷೆ ಮಾಡೋರಲ್ವಾ ಮೇಡಂ?

ಅದೂ ನಮ್ಮ ವಿಭಾಗದ್ದೇ. ಆದರೆ ದೇಹದಿಂದ ತೆಗೆದ ಗಡ್ಡೆ, ತುಂಡು, ಕರುಳು ಎಲ್ಲವೂ ನಮ್ಮ ಮೇಜಿಗೇ ಬರುತ್ತದೆ. ಕ್ಯಾನ್ಸರ್ ಹೌದೋ ಅಲ್ಲವೋ, ಹೌದಾದರೆ ಯಾವ ತರಹದ್ದು, ಎಷ್ಟು ಆಳಕ್ಕೆ ಇಳಿದಿದೆ, ಪೂರ್ತಿ ತೆಗೆದಿದ್ದಾರೋ ಇಲ್ಲವೋ, ಇಷ್ಟನ್ನೂ ನೋಡಿ ಸಹಿ ಹಾಕುವವರು ನಾವು. ಕೀಮೋ ಬೇಕೋ ಬೇಡವೋ ಎಂದು ನಿಮ್ಮ ಡಾಕ್ಟರ್ ನಿರ್ಧರಿಸುವಾಗ ಅವರ ಕೈಯಲ್ಲಿರುವುದು ಆ ರಿಪೋರ್ಟು. ರೋಗಿಗಳ ಮುಖ ನೋಡುವುದು ಕಡಿಮೆ, ನಿಜ. ಹಾಗಂತ ರೋಗಿ ಯಾರು ಅಂತ ಗೊತ್ತಿರುವುದಿಲ್ಲ ಅಂದುಕೊಳ್ಳಬೇಡಿ. ಫಾರಂನಲ್ಲಿ ವಯಸ್ಸು 29 ಅಂತ ಕಂಡರೆ ನಮಗೂ ಹೊಟ್ಟೆ ಚುರುಕ್ ಅನ್ನುತ್ತದೆ.

ಮೋಷನ್‌ನಲ್ಲಿ ರಕ್ತ ಹೋಗ್ತಿದೆ. ಮೂಲವ್ಯಾಧಿನೇ ತಾನೇ?

ಬಹಳ ಜನಕ್ಕೆ ಹೌದು, ಮೂಲವ್ಯಾಧಿಯೇ. ತೊಂದರೆ ಏನೆಂದರೆ, ಗುದನಾಳದ ಗಡ್ಡೆಯಿಂದಲೂ ರಕ್ತ ಹಾಗೆಯೇ ಹೋಗುತ್ತದೆ. ಒಬ್ಬರಿಗೇ ಎರಡೂ ಇರಬಹುದು. ನಮ್ಮ ಕಡೆ ಬಸ್ ಸ್ಟ್ಯಾಂಡ್ ಗೋಡೆ ತುಂಬ ಪೈಲ್ಸ್ ಬೋರ್ಡುಗಳು. ತಿಂಗಳುಗಟ್ಟಲೆ ಪುಡಿ ನುಂಗಿ, ಮುಲಾಮು ಹಚ್ಚಿ, ಕೊನೆಗೆ ಕರುಳು ಕಟ್ಟಿಕೊಂಡ ಮೇಲೆ ಆಸ್ಪತ್ರೆಗೆ ಬಂದವರ ಕೇಸ್ ಶೀಟ್ ನಾನು ಎಷ್ಟೋ ಓದಿದ್ದೇನೆ. ಗ್ಲೌಸ್ ಹಾಕಿಕೊಂಡು ಬೆರಳಿನಿಂದ ಮುಟ್ಟಿ ನೋಡುವ ಪರೀಕ್ಷೆಗೆ ಒಂದು ನಿಮಿಷವೂ ಬೇಡ. ಕೆಳಗಿನ ಗುದನಾಳದ ಗಡ್ಡೆ ಅದರಲ್ಲೇ ಕೈಗೆ ಸಿಗುತ್ತದೆ. ಆ ಪರೀಕ್ಷೆಯನ್ನೇ ಮಾಡದೆ ಮೂಲವ್ಯಾಧಿ ಅಂತ ಔಷಧಿ ಬರೆದರೆ ನಂಬಬೇಡಿ.

ರಕ್ತ ನಿಲ್ಲುತ್ತಿಲ್ಲ, ಮೋಷನ್ ಅಭ್ಯಾಸ ಬದಲಾಗಿದೆ, ಹೋಗಿ ಬಂದ ಮೇಲೂ ಇನ್ನೂ ಇದೆ ಅನಿಸುತ್ತದೆ, ತೂಕ ಸುಮ್ನೆ ಇಳಿಯುತ್ತಿದೆ ಅಂದರೆ ಕೊಲೊನೋಸ್ಕೋಪಿ, ಅಂದರೆ ಕ್ಯಾಮೆರಾ ಇರುವ ಕೊಳವೆ ಬಿಟ್ಟು ಕರುಳಿನ ಒಳಗೆ ನೋಡುವ ಪರೀಕ್ಷೆ, ಮಾಡಿಸಿ. ಇನ್ನೊಂದು ವಿಷಯ ಬಹಳ ಜನಕ್ಕೆ ಗೊತ್ತಿಲ್ಲ. ಬಲಗಡೆ ಕರುಳಿನ ಗಡ್ಡೆಯ ರಕ್ತ ಹೆಚ್ಚಾಗಿ ಕಣ್ಣಿಗೇ ಕಾಣುವುದಿಲ್ಲ. ಸುಸ್ತು ಅಂತ ಹೋದಾಗ ಹಿಮೋಗ್ಲೋಬಿನ್ ಕಡಿಮೆ ಅಂತ ಗೊತ್ತಾಗುತ್ತದೆ, ಅಷ್ಟೇ. ಐವತ್ತು ದಾಟಿದ ಗಂಡಸಿಗೆ ಕಾರಣವಿಲ್ಲದೆ ರಕ್ತ ಕಡಿಮೆಯಾದರೆ, ಐರನ್ ಮಾತ್ರೆ ಕೊಟ್ಟು ಕಳಿಸುವ ಮುಂಚೆ ಕರುಳು ನೋಡಬೇಕು.

ಇದು ವಯಸ್ಸಾದವರ ಕಾಯಿಲೆ ಅಲ್ವಾ? ನನಗಿನ್ನೂ ಮೂವತ್ತೈದು.

ಪಶ್ಚಿಮದ ದೇಶಗಳ ಹೋಲಿಕೆಯಲ್ಲಿ ನಮ್ಮಲ್ಲಿ ಈ ಕ್ಯಾನ್ಸರ್ ಕಡಿಮೆ. ಆದರೆ ಬಂದವರಲ್ಲಿ ಚಿಕ್ಕ ವಯಸ್ಸಿನವರ ಪಾಲು ಜಾಸ್ತಿ. ಮುಂಬೈನ ಟಾಟಾ ಮೆಮೋರಿಯಲ್ ಆಸ್ಪತ್ರೆಯವರು ಪ್ರಕಟಿಸಿದ ಅಂಕಿಗಳೂ ಇದನ್ನೇ ಹೇಳುತ್ತವೆ. ಸಿಗ್ನೆಟ್ ರಿಂಗ್ ಎಂಬ ಒರಟು ಜಾತಿಯ ಗಡ್ಡೆಯೂ ನಮ್ಮ ಎಳೆಯ ರೋಗಿಗಳಲ್ಲಿ ಹೆಚ್ಚು. ಇದರಲ್ಲಿ ಕೋಶದೊಳಗೆ ಲೋಳೆ ತುಂಬಿ ನ್ಯೂಕ್ಲಿಯಸ್ ಅಂಚಿಗೆ ಒತ್ತಿಕೊಂಡಿರುತ್ತದೆ. ಅಮೆರಿಕದಲ್ಲಿ 2021ರಲ್ಲಿ ತಪಾಸಣೆ ಶುರು ಮಾಡುವ ವಯಸ್ಸನ್ನು 50ರಿಂದ 45ಕ್ಕೆ ಇಳಿಸಿದರು. ನಮ್ಮ ದೇಶದ ಸರ್ಕಾರಿ ಕಾರ್ಯಕ್ರಮದಲ್ಲಿ ಬಾಯಿ, ಸ್ತನ, ಗರ್ಭಕೊರಳಿನ ಕ್ಯಾನ್ಸರಿಗೆ ತಪಾಸಣೆ ಇದೆ, ಕರುಳಿಗೆ ಇಲ್ಲ. ಆದ್ದರಿಂದ ಲಕ್ಷಣ ಕಂಡಾಗ ತಡಮಾಡದೆ ಬರುವುದೊಂದೇ ದಾರಿ.

ಬಾಡೂಟ ತಿಂದ್ರೆ ಬರುತ್ತಾ? ಮಂಡ್ಯದೋರು ನಾವು, ನೇರವಾಗಿ ಹೇಳಿ.

2024ರ ಡಿಸೆಂಬರಿನಲ್ಲಿ ಮಂಡ್ಯದ ಸಾಹಿತ್ಯ ಸಮ್ಮೇಳನಕ್ಕೆ ಬಾಡೂಟ ಬೇಕೋ ಬೇಡವೋ ಅಂತ ದೊಡ್ಡ ಗಲಾಟೆ ನಡೆಯಿತಲ್ಲ, ಆಗಿನಿಂದ ಈ ಪ್ರಶ್ನೆ ಇನ್ನೂ ಜಾಸ್ತಿ. ನೇರ ಉತ್ತರ: ಹಬ್ಬಕ್ಕೋ ಬೀಗರ ಊಟಕ್ಕೋ ಒಂದು ದಿನ ತಿಂದರೆ ಏನೂ ಆಗುವುದಿಲ್ಲ. ವಿಶ್ವ ಆರೋಗ್ಯ ಸಂಸ್ಥೆಯ ಕ್ಯಾನ್ಸರ್ ಸಂಶೋಧನಾ ಸಂಸ್ಥೆ 2015ರಲ್ಲಿ ಸಾಸೇಜ್, ಬೇಕನ್, ಹ್ಯಾಮ್‌ನಂತಹ ಸಂಸ್ಕರಿಸಿದ ಮಾಂಸವನ್ನು ಕ್ಯಾನ್ಸರ್ ತರುತ್ತದೆ ಎಂಬ ಪಟ್ಟಿಗೆ ಸೇರಿಸಿತು. ಮಟನ್, ಬೀಫ್, ಪೋರ್ಕ್ 'ಬಹುಶಃ ತರುತ್ತದೆ' ಎಂಬ ಪಟ್ಟಿಯಲ್ಲಿವೆ. ದಿನಾ 50 ಗ್ರಾಂ ಸಂಸ್ಕರಿಸಿದ ಮಾಂಸ ತಿಂದರೆ ಅಪಾಯ ಸುಮಾರು ಶೇ 18 ಏರುತ್ತದೆ ಎಂದು ಅವರ ಲೆಕ್ಕ. ದಿನಾ ಅನ್ನುವ ಪದ ಗಮನಿಸಿ. ತಂಬಾಕೂ ಅದೇ ಪಟ್ಟಿಯಲ್ಲಿದೆ ಅಂತ ಎರಡೂ ಒಂದೇ ಅಂದುಕೊಳ್ಳಬೇಡಿ. ಆ ಪಟ್ಟಿ ಸಾಕ್ಷಿ ಎಷ್ಟು ಗಟ್ಟಿ ಅಂತ ಹೇಳುತ್ತದೆ, ಅಪಾಯ ಎಷ್ಟು ದೊಡ್ಡದು ಅಂತ ಹೇಳುವುದಿಲ್ಲ.

ಮುದ್ದೆ, ಸೊಪ್ಪಿನ ಸಾರು, ಹುರುಳಿ, ಕಾಳು ಬಿಡಬೇಡಿ. ಆಫ್ರಿಕಾದಲ್ಲಿ ಕೆಲಸ ಮಾಡಿದ ಡೆನಿಸ್ ಬರ್ಕಿಟ್ ಎಂಬ ಸರ್ಜನ್ ಐವತ್ತು ವರ್ಷದ ಹಿಂದೆಯೇ ನಾರಿನಂಶದ ಬಗ್ಗೆ ಬರೆದರು. ಅಲ್ಲಿಯ ಹಳ್ಳಿಯವರಿಗೆ ಈ ಕ್ಯಾನ್ಸರ್ ಅಪರೂಪ, ಅವರ ಊಟದಲ್ಲಿ ನಾರು ಜಾಸ್ತಿ ಎಂದು ಗಮನಿಸಿದವರು ಅವರು. ಇನ್ನು ಹೊಗೆ, ಹೆಂಡ, ಬೊಜ್ಜು. ಬಾಡಿನ ಬಗ್ಗೆ ಇಷ್ಟು ಚರ್ಚೆ ಮಾಡುವವರು ಇವುಗಳ ಬಗ್ಗೆ ಬಾಯೇ ಬಿಡುವುದಿಲ್ಲ.

ಪಾಲಿಪ್ ಅಂತ ಬರೆದಿದ್ದಾರೆ. ಕ್ಯಾನ್ಸರ್ ಅಂತಾನಾ?

ಅಲ್ಲ. ಪಾಲಿಪ್ ಅಂದರೆ ಕರುಳಿನ ಒಳಪದರದಲ್ಲಿ ಎದ್ದ ಸಣ್ಣ ಗಂಟು. ಹೆಚ್ಚಿನವು ಕ್ಯಾನ್ಸರ್ ಆಗುವುದೇ ಇಲ್ಲ. ಆದರೆ ಕರುಳಿನ ಕ್ಯಾನ್ಸರ್ ಬಹುತೇಕ ಪಾಲಿಪ್‌ನಲ್ಲೇ ಶುರುವಾಗುತ್ತದೆ, ಅದಕ್ಕೆ ಹತ್ತು ವರ್ಷದಷ್ಟು ಕಾಲ ಹಿಡಿಯುತ್ತದೆ. ಲಂಡನ್ನಿನ ಸೇಂಟ್ ಮಾರ್ಕ್ಸ್ ಆಸ್ಪತ್ರೆಯ ಪೆಥಾಲಜಿಸ್ಟ್ ಬಾಸಿಲ್ ಮಾರ್ಸನ್ ಇದನ್ನು ಸ್ಲೈಡುಗಳಲ್ಲೇ ತೋರಿಸಿದರು. ಮುಂದೆ 1990ರಲ್ಲಿ ಫಿಯರಾನ್ ಮತ್ತು ವೋಗೆಲ್‌ಸ್ಟೈನ್, ಪಾಲಿಪ್ ಹಂತ ಹಂತವಾಗಿ ಕೆಡುವಾಗ ಯಾವ ಯಾವ ಜೀನ್ ಕೆಡುತ್ತವೆ ಎಂದು ವಿವರಿಸಿದರು. ನಿಮಗೆ ಮುಖ್ಯವಾದದ್ದು ಇಷ್ಟೇ: ಪಾಲಿಪ್ ತೆಗೆದರೆ ಆ ದಾರಿ ಅಲ್ಲಿಗೇ ಮುಚ್ಚುತ್ತದೆ. ಅಡಿನೋಮ, ಅಂದರೆ ಮುಂದೆ ಕ್ಯಾನ್ಸರ್ ಆಗಬಲ್ಲ ಜಾತಿಯ ಪಾಲಿಪ್, ಅಂತ ಬರೆದಿದ್ದರೆ ಮತ್ತೆ ಯಾವಾಗ ಸ್ಕೋಪಿ ಮಾಡಿಸಬೇಕು ಅಂತ ಕೇಳಿಕೊಂಡು ಹೋಗಿ.

ಬಯಾಪ್ಸಿ ಮಾಡಿಸಿದ್ರೆ ಕ್ಯಾನ್ಸರ್ ಹರಡುತ್ತಂತೆ?

ಇಲ್ಲ. ಕರುಳಿನ ಬಯಾಪ್ಸಿಗೆ ಸೂಜಿಯೂ ಚುಚ್ಚುವುದಿಲ್ಲ. ಸ್ಕೋಪ್ ಒಳಗಿನಿಂದ ಪುಟ್ಟ ಇಕ್ಕಳ ಬಿಟ್ಟು ಕೆಲವು ಮಿಲಿಮೀಟರಿನ ಚೂರು ಕಿತ್ತು ತರುತ್ತಾರೆ. ಬಯಾಪ್ಸಿ ಆದ ಮೇಲೆ ಕಾಯಿಲೆ ಹೆಚ್ಚಾದದ್ದು ನೋಡಿ ಹೀಗೆ ಹೇಳುತ್ತಾರೆ. ಬಯಾಪ್ಸಿಯೇ ತಡವಾಗಿತ್ತು ಅನ್ನುವುದನ್ನು ಹೇಳುವುದಿಲ್ಲ.

## ನಮ್ಮ ಮೇಜಿನ ಮೇಲೆ

ರಕ್ತದ ರಿಪೋರ್ಟ್ ಸಂಜೆಗೇ ಬರುತ್ತೆ. ಇದಕ್ಕೆ ಯಾಕೆ ವಾರ?

ತುಂಡು ಮೊದಲು ಕೊಳೆಯದಂತೆ ಕಾಪಾಡುವ ಫಾರ್ಮಲಿನ್‌ನಲ್ಲಿ ನೆನೆದು ಗಟ್ಟಿಯಾಗಬೇಕು. ಇಡೀ ಕರುಳಾದರೆ ಒಂದೆರಡು ದಿನ ಅದಕ್ಕೇ ಬೇಕು. ಆಮೇಲೆ ಬೇಕಾದ ಜಾಗದ ಚೂರುಗಳನ್ನು ಆರಿಸಿ, ರಾತ್ರಿಯೆಲ್ಲಾ ಆಲ್ಕೋಹಾಲು, ಕ್ಸೈಲೀನ್, ಕರಗಿದ ಮೇಣದಲ್ಲಿ ಹಾಯಿಸಿ, ಮೇಣದ ಬ್ಲಾಕ್ ಮಾಡುತ್ತೇವೆ. ಟೆಕ್ನಿಷಿಯನ್ ಅದನ್ನು 3–4 ಮೈಕ್ರಾನ್ ದಪ್ಪಕ್ಕೆ ಸೀಳಿ ಬೆಚ್ಚನೆ ನೀರಿನ ಮೇಲೆ ತೇಲಿಸಿ ಗಾಜಿಗೆ ಎತ್ತಿಕೊಳ್ಳುತ್ತಾರೆ. ಬಣ್ಣ ಹಾಕಿದ ಮೇಲೆ ನಮ್ಮ ಸರದಿ. ನೀಲಿ ಬಣ್ಣ ಕೊಡುವ ಹಿಮಟಾಕ್ಸಿಲಿನ್ ಮೆಕ್ಸಿಕೊ ಕಡೆಯ ಒಂದು ಮರದ ತಿರುಳಿನಿಂದ ಬರುವುದು, ಇವತ್ತಿಗೂ. ಸ್ಲೈಡ್ ನೋಡಿ ಅನುಮಾನ ಬಂದರೆ ಇನ್ನಷ್ಟು ಆಳಕ್ಕೆ ಸೀಳಿಸುತ್ತೇವೆ, ಬೇರೆ ಬಣ್ಣ ಹಾಕಿಸುತ್ತೇವೆ. 'ಸ್ವಲ್ಪ ಬೇಗ ಮಾಡಿ ಅಮ್ಮ' ಅಂದರೆ ಅರ್ಥವಾಗುತ್ತದೆ. ಆದರೆ ಸರಿಯಾಗಿ ನೆನೆಯದ ತುಂಡನ್ನು ಕೊಯ್ದರೆ ಚೂರು ಮುದುಡುತ್ತದೆ, ಸ್ಲೈಡಿನಲ್ಲಿ ಅಂಚು ಯಾವುದು ಗಡ್ಡೆ ಯಾವುದು ತಿಳಿಯುವುದಿಲ್ಲ.

ಆಪರೇಷನ್ ಮಾಡಿ ತೆಗೆದ ಕರುಳನ್ನ ಏನ್ ಮಾಡ್ತೀರಿ?

ನನ್ನನ್ನು ಕೇಳಿದರೆ ಇಡೀ ಕೆಲಸದಲ್ಲಿ ಮುಖ್ಯ ಹಂತ ಇದೇ. ಇದಕ್ಕೆ ಗ್ರಾಸಿಂಗ್ ಅನ್ನುತ್ತೇವೆ. ಮೈಕ್ರೋಸ್ಕೋಪ್ ಹತ್ತಿರ ಹೋಗುವ ಮೊದಲೇ ಅರ್ಧ ರಿಪೋರ್ಟ್ ಇಲ್ಲಿ ತೀರ್ಮಾನವಾಗಿರುತ್ತದೆ. ಇಲ್ಲಿ ಕೆಟ್ಟರೆ ಮುಂದೆ ಎಂಥ ಜೀನ್ ಪರೀಕ್ಷೆ ಮಾಡಿದರೂ ಸರಿಹೋಗುವುದಿಲ್ಲ.

ಗುದನಾಳದ ಕೇಸ್ ಅಂದುಕೊಳ್ಳಿ. ಮೊದಲು ಹೊರಗಿನಿಂದ ಕೈಯಲ್ಲಿ ತಿರುಗಿಸಿ ನೋಡುತ್ತೇನೆ. ಗುದನಾಳದ ಸುತ್ತ ಕೊಬ್ಬಿನ ಕವಚ ಇರುತ್ತದೆ, ಮೆಸೊರೆಕ್ಟಮ್. ಅದರ ಮೈ ನುಣ್ಣಗೆ ಹೊಳೆಯುತ್ತಿದ್ದರೆ ಸರ್ಜನ್ ಸರಿಯಾದ ಪದರದಲ್ಲಿ ಬಿಡಿಸಿದ್ದಾರೆ ಅಂತ. ಅಲ್ಲಲ್ಲಿ ಹರಿದು, ಒಳಗಿನ ಸ್ನಾಯು ಕಾಣುತ್ತಿದ್ದರೆ ಆಪರೇಷನ್ ಅಪೂರ್ಣ ಎಂದು ಬರೆಯಲೇಬೇಕು. ಸರ್ಜನ್ ಸ್ನೇಹಿತರಾದರೂ ಬರೆಯಲೇಬೇಕು. ಆಮೇಲೆ ಫೋಟೋ. ಆಮೇಲೆ ಹೊರಮೈಗೆ ಇಂಡಿಯನ್ ಇಂಕ್ ಬಳಿಯುತ್ತೇವೆ. ಮೈಕ್ರೋಸ್ಕೋಪ್‌ನಲ್ಲಿ ಆ ಕಪ್ಪು ಗೆರೆಯೇ ಸರ್ಜನ್ನರ ಕತ್ತಿ ಹೋದ ಜಾಗ. ಗಡ್ಡೆ ಇರುವ ಭಾಗವನ್ನು ಉದ್ದಕ್ಕೆ ಸೀಳದೆ, ಬ್ರೆಡ್ಡಿನ ಹಾಗೆ ಅಡ್ಡಡ್ಡಕ್ಕೆ 3–5 ಮಿಲಿಮೀಟರಿನ ಬಿಲ್ಲೆಗಳಾಗಿ ಕೊಯ್ದು ಸಾಲಾಗಿ ಜೋಡಿಸಿ ನೋಡುತ್ತೇವೆ. ಕ್ಯಾನ್ಸರ್ ಕೋಶ ಮತ್ತು ಕಪ್ಪು ಗೆರೆಯ ನಡುವೆ 1 ಮಿಲಿಮೀಟರ್ ಅಥವಾ ಅದಕ್ಕಿಂತ ಕಡಿಮೆ ಇದ್ದರೆ ಅಂಚು ಪಾಸಿಟಿವ್, ಅಂದರೆ ಗಡ್ಡೆ ಒಳಗೆ ಉಳಿದಿರಬಹುದು.

ಹೊರ ಊರಿನ ನರ್ಸಿಂಗ್ ಹೋಮ್‌ಗಳಿಗೆ ಒಂದು ಬೇಡಿಕೆ. ಅರ್ಧ ಅಡಿ ಕರುಳನ್ನು ಉಪ್ಪಿನಕಾಯಿ ಬಾಟಲಿಯಂಥ ಸಣ್ಣ ಬಾಯಿಯ ಡಬ್ಬಕ್ಕೆ ತುರುಕಿ ಕಳಿಸಬೇಡಿ. ಒಳಗೆ ಹೋಗುವಾಗ ಮೆತ್ತಗಿರುತ್ತದೆ, ಫಾರ್ಮಲಿನ್ ಕುಡಿದು ಗಟ್ಟಿಯಾದ ಮೇಲೆ ಹೊರಗೆ ಬರುವುದಿಲ್ಲ. ಡಬ್ಬ ಕತ್ತರಿಸಿ ತೆಗೆದದ್ದೂ ಇದೆ. ಬರೀ ಸಲೈನ್‌ನಲ್ಲಿ ಹಾಕಿ ಬಸ್ಸಿನಲ್ಲಿ ಕಳಿಸಿದರೆ ಅದು ಇಲ್ಲಿಗೆ ಬರುವಷ್ಟರಲ್ಲಿ ಕೊಳೆತಿರುತ್ತದೆ. ಅಗಲ ಬಾಯಿಯ ಡಬ್ಬ, ಸ್ಪೆಸಿಮೆನ್‌ನ ಹತ್ತರಷ್ಟು ಫಾರ್ಮಲಿನ್, ಹೆಸರು ಡಬ್ಬದ ಮೇಲೆ. ಮುಚ್ಚಳದ ಮೇಲೆ ಬೇಡ, ಮುಚ್ಚಳ ಅದಲು ಬದಲಾಗುತ್ತದೆ.

'ಒಂಬತ್ತು ಲಿಂಫ್ ನೋಡ್ ಸಿಕ್ಕಿದೆ' ಅಂತ ಬರೆದಿದ್ದೀರಿ. ಡಾಕ್ಟರ್ 12 ಬೇಕು ಅಂತಾರೆ. ಯಾಕೆ?

ಕರುಳಿನ ಪಕ್ಕದ ಕೊಬ್ಬಿನಲ್ಲಿ ಲಿಂಫ್ ಗಂಟುಗಳು ಅಡಗಿರುತ್ತವೆ. ಕ್ಯಾನ್ಸರ್ ಹೊರಟರೆ ಸಾಮಾನ್ಯವಾಗಿ ಮೊದಲು ಅಲ್ಲಿಗೆ. ಕಡಿಮೆ ಗಂಟು ನೋಡಿ 'ಹರಡಿಲ್ಲ' ಅಂದರೆ ನಂಬುವುದು ಕಷ್ಟ. ಕನಿಷ್ಠ 12 ನೋಡಿ ಎಂದು ಅಂತಾರಾಷ್ಟ್ರೀಯ ಒಪ್ಪಂದ ಆಗಿರುವುದು ಅದಕ್ಕೇ. ಗಂಟು ಕೈಬೆರಳಿನಲ್ಲಿ ಹಿಸುಕಿ ಹಿಸುಕಿ ಹುಡುಕಬೇಕು. ಕೆಲವು ದೊಡ್ಡವು, ಎಷ್ಟೋ ಎರಡು ಮೂರು ಮಿಲಿಮೀಟರ್ ಅಷ್ಟೇ. ಕ್ಯಾನ್ಸರ್ ಇರುವುದು ಆ ಸಣ್ಣದರಲ್ಲೂ ಆಗಬಹುದು. ಸಿಗದಿದ್ದರೆ ಮಾರನೆಯ ದಿನ ಮತ್ತೆ ಕೂರುತ್ತೇವೆ. ಆಪರೇಷನ್‌ಗೆ ಮುಂಚೆ ರೇಡಿಯೇಷನ್ ಕೊಟ್ಟಿದ್ದರೆ ಗಂಟುಗಳು ಕುಗ್ಗಿ 12 ಸಿಗದಿರುವುದು ಸಹಜ. ಹೆದರಬೇಡಿ, ಆ ವಿಷಯ ನಿಮ್ಮ ಡಾಕ್ಟರಿಗೆ ಗೊತ್ತಿರುತ್ತದೆ.

ಮೈಕ್ರೋಸ್ಕೋಪ್ ನೋಡೋರು ಮಾಡೋ ರಿಸರ್ಚ್‌ನಿಂದ ರೋಗಿಗೆ ಏನು ಲಾಭ?

ಎರಡು ಉದಾಹರಣೆ ಕೊಡುತ್ತೇನೆ. 1932ರಲ್ಲಿ ಸೇಂಟ್ ಮಾರ್ಕ್ಸ್‌ನ ಕತ್‌ಬರ್ಟ್ ಡ್ಯೂಕ್ಸ್ ಗುದನಾಳದ ಗಡ್ಡೆಗಳನ್ನು ಎ, ಬಿ, ಸಿ ಅಂತ ವಿಂಗಡಿಸಿದರು. ಗೋಡೆಯೊಳಗೇ ಇದ್ದರೆ ಎ, ಗೋಡೆ ದಾಟಿದರೆ ಬಿ, ಗಂಟಿಗೆ ಹೋದರೆ ಸಿ. ಇವತ್ತು ನಿಮ್ಮ ಫೈಲಿನಲ್ಲಿರುವ ಕಾಯಿಲೆಯ ಹಂತ ಹೇಳುವ ಟಿ, ಎನ್, ಎಂ ಅಕ್ಷರಗಳ ಹಿಂದೆ ಈ ಯೋಚನೆಯೇ ಇದೆ.

ಎರಡನೆಯದು ನನಗೆ ಇನ್ನೂ ಇಷ್ಟ. ಎಂಬತ್ತರ ದಶಕದಲ್ಲಿ ಗುದನಾಳದ ಆಪರೇಷನ್ ಆದವರಿಗೆ ಅದೇ ಜಾಗದಲ್ಲಿ ಗಡ್ಡೆ ಮತ್ತೆ ಬರುತ್ತಿತ್ತು. ಗಡ್ಡೆಯ ಗುಣವೇ ಕೆಟ್ಟದ್ದು ಅಂತ ಎಲ್ಲರೂ ಅಂದುಕೊಂಡಿದ್ದರು. ಇಂಗ್ಲೆಂಡಿನ ಲೀಡ್ಸ್‌ನಲ್ಲಿ ಫಿಲ್ ಕ್ವರ್ಕ್ ಎಂಬ ಪೆಥಾಲಜಿಸ್ಟ್ ಮತ್ತು ಸಂಗಡಿಗರು 52 ರೋಗಿಗಳ ಗುದನಾಳವನ್ನು ಅಡ್ಡಡ್ಡಕ್ಕೆ ಪೂರ್ತಿ ಬಿಲ್ಲೆ ಮಾಡಿ ನೋಡಿದರು. ಅಲ್ಲಿಯವರೆಗೆ ಮೇಲಿನ ತುದಿ, ಕೆಳಗಿನ ತುದಿ ನೋಡುತ್ತಿದ್ದರೇ ಹೊರತು ಪಕ್ಕದ ಅಂಚನ್ನು ಯಾರೂ ಗಮನ ಕೊಟ್ಟು ನೋಡುತ್ತಿರಲಿಲ್ಲ. ನಾಲ್ವರಲ್ಲಿ ಒಬ್ಬರಿಗಿಂತ ಜಾಸ್ತಿ ಜನರಲ್ಲಿ ಗಡ್ಡೆ ಆ ಪಕ್ಕದ ಅಂಚಿಗೆ ತಾಗಿತ್ತು. ಹಾಗೆ ತಾಗಿದ್ದವರಲ್ಲಿ ಬಹುತೇಕರಿಗೆ ಕಾಯಿಲೆ ಮರುಕಳಿಸಿತು. 1986ರಲ್ಲಿ ಇದು ವೈದ್ಯಕೀಯ ಪತ್ರಿಕೆ ಲ್ಯಾನ್ಸೆಟ್‌ನಲ್ಲಿ ಬಂತು. ಅದೇ ಕಾಲಕ್ಕೆ ಬಿಲ್ ಹೀಲ್ಡ್ ಎಂಬ ಸರ್ಜನ್ ಕೊಬ್ಬಿನ ಕವಚದ ಸಮೇತ ಬಿಡಿಸುವ ವಿಧಾನ ಹೇಳಿಕೊಡುತ್ತಿದ್ದರು. ಎರಡೂ ಸೇರಿ ಗುದನಾಳದ ಸರ್ಜರಿಯೇ ಬದಲಾಯಿತು. ಬೇಕಾಗಿದ್ದದ್ದು ಒಂದು ಚಾಕು, ಒಂದಷ್ಟು ಇಂಕು, ತಾಳ್ಮೆ. ಅಂಥ ಪ್ರಶ್ನೆ ನಮ್ಮ ಊರಲ್ಲೂ ಕೇಳಬಹುದು, ಅಲ್ವಾ?

## ಮನೆತನ ಮತ್ತು ಜೀನ್

ಅಪ್ಪನಿಗೂ ಇತ್ತು, ಚಿಕ್ಕಪ್ಪನಿಗೂ ಇತ್ತು. ನಮಗೂ ಬರುತ್ತಾ?

ಬಹಳಷ್ಟು ಕರುಳಿನ ಕ್ಯಾನ್ಸರ್ ವಂಶದಿಂದ ಬರುವುದಿಲ್ಲ. ಆದರೆ ಒಂದು ಲೆಕ್ಕ ಹಾಕಿ ನೋಡಿ: ಹತ್ತಿರದ ನೆಂಟರಲ್ಲಿ ಮೂವರಿಗೆ, ಎರಡು ತಲೆಮಾರಿನಲ್ಲಿ, ಅದರಲ್ಲಿ ಒಬ್ಬರಿಗಾದರೂ 50ರ ಒಳಗೆ ಬಂದಿದ್ದರೆ ವಂಶದಲ್ಲಿ ಬರುವ ಕೆಟ್ಟ ಜೀನ್‌ನಿಂದ ಕರುಳು, ಗರ್ಭಕೋಶದ ಕ್ಯಾನ್ಸರ್ ಆಗುವ ಲಿಂಚ್ ಸಿಂಡ್ರೋಮ್ ಇದೆಯಾ ಅಂತ ನೋಡಬೇಕು. ನೆಂಟರನ್ನು ಎಣಿಸುವಾಗ ಹೆಣ್ಣುಮಕ್ಕಳ ಗರ್ಭಕೋಶದ ಕ್ಯಾನ್ಸರನ್ನೂ ಸೇರಿಸಿ. 'ಅತ್ತೆಗೆ ಬೇರೆ ಏನೋ ಇತ್ತು' ಅಂತ ಬಿಟ್ಟುಬಿಡುವುದು ಅದನ್ನೇ.

ಇದರ ಹಿಂದೆ ಒಬ್ಬ ಪೆಥಾಲಜಿಸ್ಟ್ ಇದ್ದಾರೆ. 1895ರಲ್ಲಿ ಅಮೆರಿಕದ ಮಿಚಿಗನ್‌ನಲ್ಲಿ ಆಲ್ಡ್ರೆಡ್ ವಾರ್ಥಿನ್ ಅವರಿಗೆ ಅವರ ಮನೆಯ ಬಟ್ಟೆ ಹೊಲಿಯುತ್ತಿದ್ದ ಹೆಣ್ಣುಮಗಳು, ನಮ್ಮ ಮನೆಯವರೆಲ್ಲ ಕ್ಯಾನ್ಸರಿನಲ್ಲೇ ಹೋದರು, ನಾನೂ ಬೇಗ ಹೋಗುತ್ತೇನೆ ಎಂದಳು. ಅವಳ ಮಾತು ನಿಜವಾಯಿತು, ಗರ್ಭಕೋಶದ ಕ್ಯಾನ್ಸರಿನಿಂದ ತೀರಿಕೊಂಡಳು. ವಾರ್ಥಿನ್ ಆ ಮನೆತನದ ವಂಶವೃಕ್ಷ ಬರೆದು 1913ರಲ್ಲಿ ಪ್ರಕಟಿಸಿದರು. ಅರವತ್ತರ ದಶಕದಲ್ಲಿ ಹೆನ್ರಿ ಲಿಂಚ್ ಇಂಥ ಕುಟುಂಬಗಳನ್ನು ಮತ್ತೆ ಬೆನ್ನು ಹತ್ತಿದರು. ಜೀನ್‌ಗಳು ಸಿಕ್ಕಿದ್ದು ತೊಂಬತ್ತರ ದಶಕದಲ್ಲಿ. ಕೆಟ್ಟ ಜೀನ್ ಒಬ್ಬರಲ್ಲಿದ್ದರೆ ಪ್ರತಿ ಮಗುವಿಗೂ ಬರುವ ಸಾಧ್ಯತೆ ಅರ್ಧಕ್ಕರ್ಧ.

ನಮ್ಮದು ಸೋದರಮಾವನ ಮದುವೆ. ಅದರಿಂದ ಅಪಾಯ ಜಾಸ್ತಿನಾ?

ಲಿಂಚ್‌ಗೆ ಒಂದು ಕೆಟ್ಟ ಪ್ರತಿ ಸಾಕು, ಮದುವೆ ಹೇಗೆ ಆಯಿತು ಅನ್ನುವುದು ಅಲ್ಲಿ ಅಷ್ಟು ಲೆಕ್ಕಕ್ಕೆ ಬರುವುದಿಲ್ಲ. ಆದರೆ ಮ್ಯೂಟಿವೈಎಚ್ ಎಂಬ ಜೀನ್‌ನಿಂದ ಬರುವ, ಹತ್ತಾರು ಪಾಲಿಪ್ ಆಗುವ ಕಾಯಿಲೆಗೆ ತಂದೆ ತಾಯಿ ಇಬ್ಬರಿಂದಲೂ ಕೆಟ್ಟ ಪ್ರತಿ ಬರಬೇಕು. ರಕ್ತಸಂಬಂಧದ ಮದುವೆಯಲ್ಲಿ ಅದಕ್ಕೆ ಅವಕಾಶ ಹೆಚ್ಚು. ಹಳೆ ಮೈಸೂರು ಕಡೆ ಇಂಥ ಮದುವೆ ಸಾಮಾನ್ಯ. ವೈದ್ಯರ ಹತ್ತಿರ ಸಂಕೋಚ ಬಿಟ್ಟು ಹೇಳಿ.

ಎಂಎಂಆರ್ ಟೆಸ್ಟ್ ಮಾಡಿಸಿ ಅಂತಾರೆ. ದುಡ್ಡು ದಂಡ ಅಲ್ವಾ?

ದಂಡವಲ್ಲ. ಎಂಎಂಆರ್ ಅಂದರೆ ಮಿಸ್‌ಮ್ಯಾಚ್ ರಿಪೇರ್, ತಪ್ಪು ತಿದ್ದುವ ಕೆಲಸ. ಎಂಎಲ್‌ಎಚ್1, ಪಿಎಂಎಸ್2, ಎಂಎಸ್‌ಎಚ್2, ಎಂಎಸ್‌ಎಚ್6 ಎಂಬ ನಾಲ್ಕು ಪ್ರೋಟೀನ್ ಡಿಎನ್‌ಎ ನಕಲಾಗುವಾಗ ಆಗುವ ತಪ್ಪನ್ನು ತಿದ್ದುತ್ತವೆ. ಲಿಂಚ್‌ನಲ್ಲಿ ಕೆಟ್ಟಿರುವುದು ಸಾಮಾನ್ಯವಾಗಿ ಇವುಗಳ ಜೀನ್‌ಗಳಲ್ಲಿ ಒಂದು. ಗಡ್ಡೆಯ ಸ್ಲೈಡಿಗೆ ಈ ಟೆಸ್ಟಿನ ಬಣ್ಣ ಹಾಕಿದಾಗ, ಆ ಪ್ರೋಟೀನ್ ಇದ್ದರೆ ನ್ಯೂಕ್ಲಿಯಸ್ ಕಂದು ಬಣ್ಣ ಹಿಡಿಯುತ್ತದೆ. ಗಡ್ಡೆಯ ಕೋಶಕ್ಕೆ ಬಣ್ಣ ಹಿಡಿಯದೆ ಪಕ್ಕದ ಬಿಳಿ ರಕ್ತಕಣವಾದ ಲಿಂಫೋಸೈಟ್‌ಗೆ ಹಿಡಿದಿದ್ದರೆ ಆ ಪ್ರೋಟೀನ್ ಗಡ್ಡೆಯಲ್ಲಿ ಇಲ್ಲ ಎಂದರ್ಥ. ಎರಡಕ್ಕೂ ಹಿಡಿಯದಿದ್ದರೆ ಟೆಸ್ಟೇ ಕೆಟ್ಟಿದೆ, ಮತ್ತೆ ಮಾಡಬೇಕು.

ಎಂಎಲ್‌ಎಚ್1 ಇಲ್ಲದಿದ್ದ ತಕ್ಷಣ ಲಿಂಚ್ ಅಂತ ಹೇಳಲಾಗದು. ವಯಸ್ಸಾದವರಲ್ಲಿ ಆ ಜೀನ್ ವಂಶಕ್ಕೆ ಸಂಬಂಧವಿಲ್ಲದೆ ಮುಚ್ಚಿಕೊಳ್ಳುವುದುಂಟು. ಆಗ ಬಿಆರ್‌ಎಎಫ್ ಜೀನ್ ನೋಡುತ್ತೇವೆ. ಅದರಲ್ಲಿ ವಿ600ಇ ಬದಲಾವಣೆ ಸಿಕ್ಕರೆ ಲಿಂಚ್ ಬಹುಮಟ್ಟಿಗೆ ಇಲ್ಲ. ಚಿಕಿತ್ಸೆಗೂ ಇದು ಬೇಕು. 2022ರಲ್ಲಿ ನ್ಯೂಯಾರ್ಕಿನ ಮೆಮೋರಿಯಲ್ ಸ್ಲೋನ್ ಕೆಟರಿಂಗ್‌ನವರು ಇಂಥ ದೋಷವಿರುವ ಗುದನಾಳದ ಗಡ್ಡೆಗೆ ಡಾಸ್ಟರ್ಲಿಮಾಬ್ ಎಂಬ ಇಮ್ಯುನೋಥೆರಪಿ, ಅಂದರೆ ದೇಹದ ರೋಗನಿರೋಧಕ ಶಕ್ತಿಯನ್ನೇ ಗಡ್ಡೆಯ ಮೇಲೆ ಬಿಡುವ ಔಷಧಿ, ಮಾತ್ರ ಕೊಟ್ಟರು. ಆಗ ವರದಿಯಾದ 12 ಜನರಲ್ಲಿ ಎಲ್ಲರಿಗೂ ಗಡ್ಡೆ ಪೂರ್ತಿ ಕರಗಿತ್ತು. ಎಲ್ಲ ಗುದನಾಳದ ಕ್ಯಾನ್ಸರಿಗೂ ಇದು ಅನ್ವಯಿಸುವುದಿಲ್ಲ, ಈ ದೋಷ ಇರುವುದು ಅವರಲ್ಲಿ ಸ್ವಲ್ಪ ಜನಕ್ಕೆ ಮಾತ್ರ. ಆ ಸ್ವಲ್ಪ ಜನ ಯಾರು ಅಂತ ತಿಳಿಯಲು ಈ ಟೆಸ್ಟ್ ಬೇಕು.

## ಈ ದಾರಿಗೆ ಬರುವವರಿಗೆ

ಎಂಬಿಬಿಎಸ್ ಎರಡನೇ ವರ್ಷ. ರಿಸರ್ಚ್ ಈಗಲೇ ಶುರು ಮಾಡಬಹುದಾ?

ಮಾಡಬಹುದು. ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿ, ಅಂದರೆ ಐಸಿಎಂಆರ್, ಎಂಬಿಬಿಎಸ್ ವಿದ್ಯಾರ್ಥಿಗಳಿಗೆಂದೇ ಅಲ್ಪಾವಧಿ ಸಂಶೋಧನೆಯ ಸ್ಟೂಡೆಂಟ್‌ಶಿಪ್ ಕೊಡುತ್ತದೆ. ಗೈಡ್ ಹುಡುಕಿ, ಸಣ್ಣ ಪ್ರಶ್ನೆ ಹಿಡಿಯಿರಿ. ಅದಕ್ಕಿಂತ ಮೊದಲು ವಾರಕ್ಕೊಂದು ದಿನ ಗ್ರಾಸಿಂಗ್ ರೂಮಿಗೆ ಬಂದು ನಿಲ್ಲಿ. ವಾಸನೆ ಅಭ್ಯಾಸವಾಗುತ್ತದೆ. ಮುಂದೆ ಎಂಡಿ ಪೆಥಾಲಜಿ ಮೂರು ವರ್ಷ. ಆಮೇಲೆ ಆಂಕೋಪೆಥಾಲಜಿ, ಅಂದರೆ ಬರೀ ಕ್ಯಾನ್ಸರಿನ ಪೆಥಾಲಜಿ, ಬೇಕಾದವರು ಟಾಟಾ ಮೆಮೋರಿಯಲ್ ಕಡೆ ನೋಡುತ್ತಾರೆ.

ಮೈಸೂರು, ಮಂಡ್ಯದಲ್ಲಿ ಕೂತು ಕ್ಯಾನ್ಸರ್ ಸಂಶೋಧನೆ ಆಗುತ್ತಾ? ಬೆಂಗಳೂರಿಗೇ ಹೋಗಬೇಕಾ?

ಜೀನ್ ಸೀಕ್ವೆನ್ಸಿಂಗ್ ಮಾಡಬೇಕು ಅಂದರೆ ಬೇರೆಯವರ ಸಹಾಯ ಬೇಕು. ಆದರೆ ಎಷ್ಟೋ ಪ್ರಶ್ನೆಗಳಿಗೆ ನಮ್ಮಲ್ಲಿರುವುದು ಸಾಕು. ಮೈಸೂರು ಮೆಡಿಕಲ್ ಕಾಲೇಜು 1924ರಷ್ಟು ಹಳೆಯದು, ಮಂಡ್ಯದಲ್ಲೂ ಸರ್ಕಾರಿ ಮೆಡಿಕಲ್ ಕಾಲೇಜಿದೆ. ಎಚ್.ಡಿ. ಕೋಟೆ, ಮಳವಳ್ಳಿ, ಕೆ.ಆರ್. ಪೇಟೆ, ನಾಗಮಂಗಲದ ಜನ ಈ ಎರಡು ಊರಿಗೇ ಬರುತ್ತಾರೆ. ಹಳ್ಳಿಯ ರೈತರಲ್ಲಿ ಕಾಣುವ ಕಾಯಿಲೆಯನ್ನು ದೊಡ್ಡ ಊರಿನ ಕಾರ್ಪೊರೇಟ್ ಆಸ್ಪತ್ರೆಯಲ್ಲಿ ಕೂತು ಓದಲಾಗುವುದಿಲ್ಲ.

ನಮ್ಮ ನಿಜವಾದ ಕಷ್ಟ ಫಾಲೋಅಪ್. ಸ್ಲೈಡ್ ಇದೆ, ಬ್ಲಾಕ್ ಇದೆ, ಐದು ವರ್ಷದ ಮೇಲೆ ರೋಗಿ ಹೇಗಿದ್ದಾರೆ ಅಂತ ಗೊತ್ತಿಲ್ಲ. ಫಾರಂನಲ್ಲಿ ಬರೆದ ಫೋನ್ ನಂಬರ್ ಯಾವಾಗಲೋ ಬದಲಾಗಿರುತ್ತದೆ. ಅದಕ್ಕೆ ಮೊದಲ ದಿನವೇ ಎರಡು ನಂಬರ್ ಬರೆದುಕೊಳ್ಳಿ, ಒಂದು ಮಗಳದ್ದೋ ಅಳಿಯನದ್ದೋ ಇರಲಿ. ಇದರಷ್ಟು ಉಪಯೋಗದ ಸಲಹೆ ನನ್ನ ಹತ್ತಿರ ಬೇರೆ ಇಲ್ಲ.

ಥೀಸಿಸ್‌ಗೆ ಖರ್ಚಿಲ್ಲದ ವಿಷಯ ಇದ್ರೆ ಹೇಳಿ ಮೇಡಂ.

ಟ್ಯೂಮರ್ ಬಡ್ಡಿಂಗ್. ಗಡ್ಡೆಯ ಮುಂಚೂಣಿಯಲ್ಲಿ ಒಂದರಿಂದ ನಾಲ್ಕು ಕೋಶಗಳು ಗುಂಪಿನಿಂದ ಕಳಚಿಕೊಂಡು ನಿಂತಿರುತ್ತವೆ. ಅವನ್ನು ಎಣಿಸುವುದು, ಅಷ್ಟೇ. 2016ರಲ್ಲಿ ಸ್ವಿಟ್ಜರ್‌ಲೆಂಡಿನ ಬರ್ನ್‌ನಲ್ಲಿ ಸೇರಿದ ತಜ್ಞರು ನಿಯಮ ಮಾಡಿದರು: ಅತಿ ಹೆಚ್ಚು ಕಾಣುವ ಜಾಗದಲ್ಲಿ 0.785 ಚದರ ಮಿಲಿಮೀಟರಿನಲ್ಲಿ ಎಣಿಸಿ. 0–4 ಕಡಿಮೆ, 5–9 ಮಧ್ಯಮ, 10 ಮತ್ತು ಮೇಲೆ ಹೆಚ್ಚು. ಮಾಮೂಲಿ ಸ್ಲೈಡ್ ಸಾಕು. ನಿಮ್ಮ ಮೈಕ್ರೋಸ್ಕೋಪಿನ ಫೀಲ್ಡ್ ಅಳತೆ ನೋಡಿ ಲೆಕ್ಕ ಸರಿಮಾಡಿಕೊಳ್ಳಿ. ಇಬ್ಬರು ಬೇರೆ ಬೇರೆ ಕೂತು ಎಣಿಸಿ, ಎಷ್ಟು ಹೊಂದುತ್ತದೆ ಅಂತ ತೋರಿಸಿ. ಕೀವು ಜಾಸ್ತಿ ಇರುವ ಜಾಗದಲ್ಲಿ ಚೂರಾದ ಗ್ರಂಥಿಗಳನ್ನು ಬಡ್ ಅಂತ ಎಣಿಸಬೇಡಿ.

ನಮ್ಮಪ್ಪನ ತುಂಡನ್ನ ಕೇಳದೇ ರಿಸರ್ಚ್‌ಗೆ ಬಳಸ್ತೀರಾ?

ರೋಗ ಪತ್ತೆಗೆ ಬೇಕಾದ ಬ್ಲಾಕ್ ಮೊದಲು ನಿಮ್ಮ ಚಿಕಿತ್ಸೆಗೆ. ಸಂಶೋಧನೆಗೆ ಎಥಿಕ್ಸ್ ಕಮಿಟಿಯ ಒಪ್ಪಿಗೆ ಬೇಕೇ ಬೇಕು. ಐಸಿಎಂಆರ್‌ನ 2017ರ ಮಾರ್ಗಸೂಚಿ ಇದನ್ನು ವಿವರವಾಗಿ ಹೇಳುತ್ತದೆ. ಹೆಸರು ತೆಗೆದ ಹಳೆಯ ಬ್ಲಾಕ್‌ಗಳಿಗೆ ಕಮಿಟಿಯು ರೋಗಿಯ ಸಹಿ ಬೇಡ ಎನ್ನಬಹುದು. ಆ ತೀರ್ಮಾನ ಅವರದ್ದು, ನನ್ನದಲ್ಲ. ಬೇರೆ ಆಸ್ಪತ್ರೆಯಲ್ಲಿ ಎರಡನೇ ಅಭಿಪ್ರಾಯ ಬೇಕಾದರೆ ಸ್ಲೈಡ್, ಬ್ಲಾಕ್ ಕೇಳಿ ಪಡೆಯಿರಿ. ಬಿಸಿಲಿಗೆ ಕಾರಿನ ಡ್ಯಾಷ್‌ಬೋರ್ಡ್ ಮೇಲೆ ಮಾತ್ರ ಇಡಬೇಡಿ, ಮೇಣ ಕರಗುತ್ತದೆ.

ಎಐ ಬಂದ್ರೆ ನಿಮ್ಮ ಕೆಲಸ ಹೋಗುತ್ತಾ?

2019ರಲ್ಲಿ ಜರ್ಮನಿಯ ಯಾಕೋಬ್ ಕಾಥರ್ ತಂಡ, ಮಾಮೂಲಿ ಬಣ್ಣದ ಸ್ಲೈಡಿನ ಚಿತ್ರ ನೋಡಿಯೇ ಎಂಎಂಆರ್ ತರಹದ ದೋಷವನ್ನು ಕಂಪ್ಯೂಟರ್ ಊಹಿಸಬಲ್ಲದು ಎಂದು ತೋರಿಸಿತು. ನಮ್ಮ ಕಣ್ಣಿಗೂ ಸ್ವಲ್ಪ ಸುಳಿವು ಸಿಗುತ್ತದೆ: ಬಲಗಡೆಯ ಗಡ್ಡೆ, ಲೋಳೆ, ಒಳಗೆ ತುಂಬಿದ ಲಿಂಫೋಸೈಟ್‌ಗಳು. ಯಂತ್ರ ಅದನ್ನೇ ಸುಸ್ತಾಗದೆ ಎಲ್ಲ ಸ್ಲೈಡಿನಲ್ಲೂ ಮಾಡುತ್ತದೆ. ಬರಲಿ, ಒಳ್ಳೆಯದೇ. ಆದರೆ ಒಂದು ಲ್ಯಾಬಿನ ನೀಲಿ ಇನ್ನೊಂದು ಲ್ಯಾಬಿನ ನೀಲಿಯಂತಿರುವುದಿಲ್ಲ, ಸೀಳಿನ ದಪ್ಪ ಬೇರೆ, ಸ್ಕ್ಯಾನರ್ ಬೇರೆ. ಬೇರೆ ದೇಶದ ಸ್ಲೈಡ್ ನೋಡಿ ಕಲಿತ ಪ್ರೋಗ್ರಾಂ ನಮ್ಮ ಸ್ಲೈಡ್ ಮೇಲೆ ಎಷ್ಟು ಸರಿ ಹೇಳುತ್ತದೆ ಅಂತ ಇಲ್ಲೇ ಪರೀಕ್ಷೆ ಮಾಡಬೇಕು. ನಮ್ಮ ಎಳೆಯ ರೋಗಿಗಳ ಸಿಗ್ನೆಟ್ ರಿಂಗ್ ಗಡ್ಡೆಗಳ ಮೇಲೆ ಮೊದಲು ಮಾಡಬೇಕು ಅನ್ನುವುದು ನನ್ನ ಅಭಿಪ್ರಾಯ. ಎಂಡಿ ಹುಡುಗರು ಯಾರಾದರೂ ಇದನ್ನು ಥೀಸಿಸ್‌ಗೆ ತೆಗೆದುಕೊಳ್ಳುವುದಾದರೆ ಬನ್ನಿ, ಬ್ಲಾಕ್ ಹುಡುಕಿಕೊಡುತ್ತೇನೆ. ಎಥಿಕ್ಸ್ ಕಮಿಟಿ ಅರ್ಜಿ ಮಾತ್ರ ನೀವೇ ಬರೆಯಬೇಕು.